ಬಾತುಕೋಳಿಗೆ ಗಿಡಮೂಲಿಕೆಯೋ ಪ್ರೊಬಯಾಟಿಕ್ಕೋ: ಯಾವ ಸಾಕಣೆಗೆ ಯಾವುದು ಸರಿ?

ಪಶು ಔಷಧಿ ಅಂಗಡಿಗೆ ಹೋಗಿ ಬಾತುಗಳಿಗೆ ಏನಾದರೂ ಕೊಡಿ ಎಂದು ಕೇಳಿದರೆ ಕೈಗೆ ಸಿಗುವುದು ಕೋಳಿಯ ಚಿತ್ರವಿರುವ ಪೊಟ್ಟಣ. ಲಿವರ್ ಟಾನಿಕ್, ಪ್ರೊಬಯಾಟಿಕ್ ಪುಡಿ (ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳು), ಗಿಡಮೂಲಿಕೆ ಮಿಶ್ರಣ, ಮೇವಿನ ವಿಷ ಹಿಡಿಯುವ ಟಾಕ್ಸಿನ್ ಬೈಂಡರ್, ಎಲ್ಲವೂ ಬ್ರಾಯ್ಲರ್ ಮತ್ತು ಲೇಯರ್ ಕೋಳಿಯ ಲೆಕ್ಕದಲ್ಲಿ ತಯಾರಾದವು. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನಿಮ್ಮ ಬಾತುಗಳ ವಯಸ್ಸೆಷ್ಟು, ಮೇವು ಒಣದೋ ಕಲಸಿದ್ದೋ, ನೀರು ಎಲ್ಲಿಯದು, ಮಳೆಗಾಲವೋ ಬೇಸಿಗೆಯೋ ಎಂಬುದರ ಮೇಲೆ ಆಯ್ಕೆ ನಿಂತಿದೆ. ಆದರೆ ಆಯ್ಕೆಗೂ ಮೊದಲು ತಿಳಿಯಬೇಕಾದ ವಿಷಯ ಒಂದಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಮೇವಿನ ಚೀಲ ಬಿಚ್ಚಿ ನೋಡಿ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಬಾತುಮರಿಗಳೂ ಸತ್ತವು. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ. ಆ ಬೂಷ್ಟು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆಮೇಲೆ. ಈ ವಿಷಕ್ಕೆ ಬಾತುಮರಿ ಎಷ್ಟು ಸೂಕ್ಷ್ಮ ಎಂದರೆ, ಮೇವಿನಲ್ಲಿ ಅಫ್ಲಾಟಾಕ್ಸಿನ್ ಇದೆಯೇ ಎಂದು ತಿಳಿಯಲು ಪ್ರಯೋಗಾಲಯಗಳು ಒಂದು ದಿನದ ಬಾತುಮರಿಗೆ ತಿನ್ನಿಸಿ ಅದರ ಯಕೃತ್ತನ್ನು ಪರೀಕ್ಷಿಸುತ್ತಿದ್ದವು. ಒಂದು ಕೆಜಿ ಮೇವಿನಲ್ಲಿ 0.03 ಮಿಲಿಗ್ರಾಂ ಇದ್ದರೂ ಬಾತಿಗೆ ಹಾನಿ, 1 ಮಿಲಿಗ್ರಾಂ ಇದ್ದರೆ ಸಾವು. ಕೋಳಿ ತಡೆದುಕೊಳ್ಳುವ ಪ್ರಮಾಣವನ್ನು ಬಾತು ತಡೆಯುವುದಿಲ್ಲ.

ನಮ್ಮಲ್ಲಿ ಬಾತಿಗೆ ಹಾಕುವುದೇನು? ಮೆಕ್ಕೆಜೋಳ, ಅಕ್ಕಿ ತೌಡು, ನುಚ್ಚು, ಕಡಲೆಕಾಯಿ ಹಿಂಡಿ. ಮಳೆಗಾಲದಲ್ಲಿ ತಕ್ಷಣ ಬೂಷ್ಟು ಹಿಡಿಯುವುದೂ ಇವಕ್ಕೇ. ಬೇಯಿಸಿದರೆ, ಹುರಿದರೆ, ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯಬಹುದು, ವಿಷ ಹೋಗುವುದಿಲ್ಲ. ಹಾಗಾಗಿ ಮೇವು ಕಮಟು ವಾಸನೆ ಹೊಡೆಯುತ್ತಿದ್ದರೆ, ಗಂಟುಗಟ್ಟಿದ್ದರೆ, ಜೋಳದ ಕಾಳಿನ ಮೂತಿ ಹಸಿರು ಬೂದಿಯಾಗಿದ್ದರೆ ಯಾವ ಪುಡಿ ಬೆರೆಸಬೇಕು ಎಂಬ ಯೋಚನೆಯೇ ಬೇಡ. ಆ ಚೀಲವನ್ನು ಗೊಬ್ಬರದ ಗುಂಡಿಗೆ ಹಾಕಿ. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಕಣ್ಣಿಗೆ ಚೆನ್ನಾಗಿ ಕಾಣುವ ಮೇವಿನಲ್ಲೂ ಅಲ್ಪಸ್ವಲ್ಪ ವಿಷ ಇರುವ ಸಾಧ್ಯತೆ ಇದ್ದೇ ಇದೆ. ಅದಕ್ಕೆ ಮೂರನೆಯ ಆಯ್ಕೆಯಾದ ಟಾಕ್ಸಿನ್ ಬೈಂಡರ್ ಕೆಲಸಕ್ಕೆ ಬರುತ್ತದೆ. ಬೆಂಟೊನೈಟ್‌ನಂಥ ಶುದ್ಧೀಕರಿಸಿದ ಜೇಡಿಮಣ್ಣು ಅಥವಾ ಯೀಸ್ಟಿನ ಕೋಶಭಿತ್ತಿ ಕರುಳಿನಲ್ಲೇ ಅಫ್ಲಾಟಾಕ್ಸಿನ್ನನ್ನು ಹಿಡಿದುಕೊಂಡು ಹಿಕ್ಕೆಯ ಜೊತೆ ಹೊರಹಾಕುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಗಿಡಮೂಲಿಕೆಗಿಂತ, ಪ್ರೊಬಯಾಟಿಕ್ಕಿಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ ಎಂಬುದು ನನ್ನ ಸಲಹೆ.

ಪ್ರೊಬಯಾಟಿಕ್: ಮರಿಗೆ ಹೆಚ್ಚು, ದೊಡ್ಡದಕ್ಕೆ ಕಡಿಮೆ

1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು ಒಂದು ಸರಳ ವಿಷಯ ತೋರಿಸಿದರು. ಆಗತಾನೇ ಮೊಟ್ಟೆಯೊಡೆದ ಕೋಳಿಮರಿಗೆ ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಕೊಟ್ಟರೆ ಆ ಮರಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ನೆಲೆಯೂರಲು ಆಗುವುದಿಲ್ಲ. ಒಳ್ಳೆಯವು ಮೊದಲು ಬಂದು ಜಾಗ ಹಿಡಿದರೆ ಕೆಟ್ಟವುಗಳಿಗೆ ಜಾಗವಿಲ್ಲ. ತಾಯಿಯ ಜೊತೆ ಬೆಳೆಯುವ ಮರಿಗೆ ಇದು ತಾನಾಗಿಯೇ ಸಿಗುತ್ತದೆ. ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಿಂದಲೋ ಖಾಸಗಿ ಹ್ಯಾಚರಿಯಿಂದಲೋ ನೀವು ತರುವ ಖಾಕಿ ಕ್ಯಾಂಪ್‌ಬೆಲ್ ಅಥವಾ ವೈಟ್ ಪೆಕಿನ್ ಮರಿ 28 ದಿನ ಯಂತ್ರದಲ್ಲಿದ್ದು ಹೊರಬಂದದ್ದು, ತಾಯಿಯ ಮುಖ ಕಂಡಿಲ್ಲ. ಅದರ ಕರುಳು ಖಾಲಿ ಜಾಗ. ಆದ್ದರಿಂದ ಪ್ರೊಬಯಾಟಿಕ್ಕಿಗೆ ಖರ್ಚು ಮಾಡುವುದಿದ್ದರೆ ಮೊದಲ ದಿನದಿಂದ ಎರಡು ವಾರದವರೆಗೆ ಮಾಡಿ. ನಾಲ್ಕು ತಿಂಗಳಿನ ಮೊಟ್ಟೆ ಬಾತಿಗೆ ಅದೇ ದುಡ್ಡು ಹಾಕಿದರೆ ಅಷ್ಟು ಫಲ ಕಾಣುವುದಿಲ್ಲ.

ದೊಡ್ಡ ಬಾತುಗಳಿಗೆ ಪ್ರೊಬಯಾಟಿಕ್ ನಿಜವಾಗಿ ಬೇಕಾಗುವ ಸಂದರ್ಭ ಆಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೆ. ಔಷಧಿ ನಡೆಯುತ್ತಿರುವಾಗಲೇ ಕೊಟ್ಟರೆ ಔಷಧಿ ಅದನ್ನೂ ಕೊಲ್ಲುತ್ತದೆ, ನಿಲ್ಲಿಸಿ ಎರಡು ಮೂರು ದಿನ ಬಿಟ್ಟು ಶುರುಮಾಡಿ. ದೂರದ ಸಾಗಣೆಯಾದಾಗ, ಶೆಡ್ ಬದಲಿಸಿದಾಗ, ಮೇವು ಬದಲಿಸಿದಾಗಲೂ ಒಂದು ವಾರ ಕೊಡಬಹುದು.

ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಂಥವು ಬೀಜಾಣುವಿನ ರೂಪದಲ್ಲಿ ಇರುತ್ತವೆ. ಬಿಸಿ ತಡೆಯುತ್ತವೆ, ಮೇವನ್ನು ಗುಳಿಗೆ ಮಾಡುವಾಗ ಬರುವ 80 ಡಿಗ್ರಿ ಶಾಖದಲ್ಲೂ ಬಹುಪಾಲು ಉಳಿಯುತ್ತವೆ, ಕರೆಂಟಿಲ್ಲದ ಹಳ್ಳಿಯ ಅಟ್ಟದ ಮೇಲೂ ಉಳಿಯುತ್ತವೆ. ಲ್ಯಾಕ್ಟೊಬ್ಯಾಸಿಲಸ್ ಗುಂಪಿನವು ಕರುಳಿಗೆ ಹತ್ತಿರದ ನೆಂಟರು, ಆದರೆ ಸೂಕ್ಷ್ಮ. ಬಿಸಿ, ಬಿಸಿಲು, ಕ್ಲೋರಿನ್ ಯಾವುದೂ ಆಗುವುದಿಲ್ಲ. ಮೂರನೆಯದು ಯೀಸ್ಟ್. ಯೀಸ್ಟಿಗೆ ಒಂದು ಹೆಚ್ಚಿನ ಗುಣವಿದೆ: ಬಾತುಮರಿಗೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಿಂತ ಬಹಳ ಹೆಚ್ಚು ಬೇಕು, ಕೆಜಿ ಮೇವಿಗೆ ಸುಮಾರು 55 ಮಿಲಿಗ್ರಾಂ. ಅದು ಕಡಿಮೆಯಾದರೆ ಮರಿಯ ಕಾಲು ಸೊಟ್ಟಗಾಗಿ ಕುಂಟುತ್ತದೆ. ಕೋಳಿಯ ಸ್ಟಾರ್ಟರ್ ಮೇವನ್ನೇ ಬಾತಿಗೆ ಹಾಕುವವರ ಶೆಡ್ಡಿನಲ್ಲಿ ಈ ಸೊಟ್ಟಗಾಲು ಸಾಮಾನ್ಯ. ಒಣಗಿಸಿದ ಬ್ರೂವರ್ಸ್ ಯೀಸ್ಟ್ ಸತ್ತದ್ದು, ಪ್ರೊಬಯಾಟಿಕ್ ಅಲ್ಲ, ಆದರೂ ನಯಾಸಿನ್ ಕೊಡುತ್ತದೆ. ಕಾಲಿನ ತೊಂದರೆ ಇದ್ದಾಗ ಬೇರೆ ಯಾವ ಪುಡಿಗಿಂತಲೂ ಇದು ಮೇಲು.

ನಾನಾದರೆ ಕಲಸಿದ ಮೇವು ಹಾಕುವ ಸಣ್ಣ ಸಾಕಣೆಗೆ ಬ್ಯಾಸಿಲಸ್ ಆರಿಸುತ್ತೇನೆ. ಕಾರಣ ನೀರು. ಬಾತು ಮೇವು ತಿನ್ನುತ್ತಾ ನೀರಿಗೆ ಕೊಕ್ಕು ಅದ್ದುತ್ತದೆ, ಮತ್ತೆ ಮೇವಿಗೆ ಬರುತ್ತದೆ. ಮೇವು ಒದ್ದೆ, ನೀರು ಕೆಸರು, ಎರಡೂ ಬೇಗ ಹಳಸುತ್ತವೆ. ಅಂಥ ಕಡೆ ಸೂಕ್ಷ್ಮ ಲ್ಯಾಕ್ಟೊಬ್ಯಾಸಿಲಸ್ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಕುಡಿಯುವ ನೀರಿನಲ್ಲಿ ಕೊಡುವುದಿದ್ದರೆ ಬೋರ್‌ವೆಲ್ ಅಥವಾ ಬಾವಿ ನೀರಿನಲ್ಲಿ ಕೊಡಿ. ನಲ್ಲಿ ನೀರಾದರೆ ಹಿಂದಿನ ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಕ್ಲೋರಿನ್ ಹಾರಿಹೋಗಲು ಬಿಡಿ. ಎರಡು ಮೂರು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ಕಲಸಿ.

ಪೊಟ್ಟಣ ಓದುವುದು ಹೇಗೆ? ಗ್ರಾಂಗೆ ಎಷ್ಟು ಸಿಎಫ್‌ಯು, ಅಂದರೆ ಜೀವಂತ ಕಣ ಎಷ್ಟು, ಎಂದು ಬರೆದಿರಬೇಕು. ಗ್ರಾಂಗೆ 100 ಕೋಟಿ ಇರುವ ಪುಡಿಯನ್ನು ಟನ್ ಮೇವಿಗೆ 500 ಗ್ರಾಂ ಬೆರೆಸಿದರೆ ಮೇವಿನ ಪ್ರತಿ ಗ್ರಾಂಗೆ 5 ಲಕ್ಷ ಬೀಳುತ್ತದೆ. ಒಂದರಿಂದ ಹತ್ತು ಲಕ್ಷದ ನಡುವೆ ಇದ್ದರೆ ಸರಿ. ಗ್ರಾಂಗೆ ಒಂದು ಕೋಟಿಯ ಪುಡಿಯನ್ನು ಅದೇ ಪ್ರಮಾಣದಲ್ಲಿ ಹಾಕಿದರೆ ಸಿಗುವುದು 5 ಸಾವಿರ ಮಾತ್ರ. ಅಗ್ಗ ಎನಿಸಿದ ಪೊಟ್ಟಣ ಎಷ್ಟೋ ಸಲ ಹೀಗೇ ದುಬಾರಿಯಾಗುತ್ತದೆ. ಜೀವಿಯ ಹೆಸರು, ಸಂಖ್ಯೆ, ತಯಾರಾದ ತಿಂಗಳು, ಮುಗಿಯುವ ತಿಂಗಳು, ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಕೊಳ್ಳಬೇಡಿ.

ಮಜ್ಜಿಗೆ ಸಾಲದೇ ಎಂದು ಕೇಳುವವರಿದ್ದಾರೆ. ಹತ್ತು ಇಪ್ಪತ್ತು ಬಾತು ಸಾಕುವ ಮನೆಗೆ ಸಾಕು. ನುಚ್ಚು, ತೌಡನ್ನು ನೀರಿನಲ್ಲಿ ಕಲಸಿ, ಒಂದು ಲೋಟ ಹುಳಿ ಮಜ್ಜಿಗೆ ಹಾಕಿ, ಮುಚ್ಚಿ ಒಂದು ದಿನ ಇಟ್ಟರೆ ಹುಳಿ ಬರುತ್ತದೆ. ಆ ಹುಳಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯಲು ಕಷ್ಟ, ಮೇವೂ ಸುಲಭವಾಗಿ ಜೀರ್ಣವಾಗುತ್ತದೆ. ವಾಸನೆ ದೋಸೆ ಹಿಟ್ಟಿನಂತೆ ಇರಬೇಕು. ಮೇಲೆ ಹಸಿರು, ಕಪ್ಪು, ಗುಲಾಬಿ ಪದರ ಕಂಡರೆ ಪೂರಾ ಚೆಲ್ಲಿ. ಹುಳಿ ಬರಿಸಿದರೆ ಅಫ್ಲಾಟಾಕ್ಸಿನ್ ಹೋಗುತ್ತದೆ ಎಂದು ನಂಬಬೇಡಿ, ಕೆಟ್ಟ ತೌಡು ಹುಳಿಯಾದರೂ ಕೆಟ್ಟದ್ದೇ. ಐನೂರು ಬಾತಿನ ಸಾಕಣೆಗೆ ಮಜ್ಜಿಗೆ ದಾರಿ ಹೇಳಲಾರೆ. ದಿನದಿನಕ್ಕೆ ಹುಳಿ ಬೇರೆಯಾಗುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಕೈಮೀರುತ್ತದೆ.

ಗಿಡಮೂಲಿಕೆ: ಒಂದೊಂದಕ್ಕೆ ಒಂದೊಂದು ಕೆಲಸ

ಗಿಡಮೂಲಿಕೆ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಗೊಂದಲ. ಅರಿಶಿನದ ಕೆಲಸ ಬೇರೆ, ಓಮದ ಕೆಲಸ ಬೇರೆ, ನುಗ್ಗೆ ಸೊಪ್ಪಿನ ಕೆಲಸ ಬೇರೆ. ಇಪ್ಪತ್ತು ಮೂಲಿಕೆ ಸೇರಿಸಿದ ಮಿಶ್ರಣದಲ್ಲಿ ಪ್ರತಿಯೊಂದೂ ಚಿಟಿಕೆಯಷ್ಟೇ ಇರುತ್ತದೆ, ಯಾವುದು ಕೆಲಸ ಮಾಡಿತು ಎಂದು ಯಾರಿಗೂ ತಿಳಿಯುವುದಿಲ್ಲ. ಒಂದೋ ಎರಡೋ ಆರಿಸಿ, ಸರಿಯಾದ ಪ್ರಮಾಣದಲ್ಲಿ ಹಾಕಿ.

ಬಾತಿಗೆ ನಾನು ಮೊದಲ ಸ್ಥಾನ ಕೊಡುವುದು ಅರಿಶಿನಕ್ಕೆ. ಬಾತಿನ ದುರ್ಬಲ ಅಂಗ ಯಕೃತ್ತು, ಅರಿಶಿನದ ಕರ್ಕ್ಯುಮಿನ್ ಆಸರೆ ಕೊಡುವುದು ಅದಕ್ಕೇ. ಚೀನಾದಲ್ಲಿ ಬಾತುಗಳ ಮೇಲೆಯೇ ನಡೆದ ಪ್ರಯೋಗಗಳಲ್ಲಿ ಅಫ್ಲಾಟಾಕ್ಸಿನ್ನಿನಿಂದ ಯಕೃತ್ತು ಮತ್ತು ಕರುಳಿಗೆ ಆಗುವ ಹಾನಿಯನ್ನು ಕರ್ಕ್ಯುಮಿನ್ ತಗ್ಗಿಸಿದ್ದು ಕಂಡಿದೆ. ತಗ್ಗಿಸಿದ್ದು, ಇಲ್ಲವಾಗಿಸಿದ್ದಲ್ಲ. ಬ್ರಾಯ್ಲರ್ ಕೋಳಿಗಳ ಪ್ರಯೋಗಗಳಲ್ಲಿ ಕೆಜಿ ಮೇವಿಗೆ 5 ಗ್ರಾಂ ಅರಿಶಿನ ಪುಡಿ ಬಳಸಿದ್ದಾರೆ, ಬಾತಿಗೂ ಅದನ್ನೇ ಮೇಲಿನ ಮಿತಿ ಎಂದು ಇಟ್ಟುಕೊಳ್ಳಬಹುದು. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಮನುಷ್ಯರಲ್ಲಿ ಅದರ ಹೀರಿಕೆ ಇಪ್ಪತ್ತು ಪಟ್ಟು ಏರಿತ್ತು. ಬಾತಿನಲ್ಲಿ ಅಷ್ಟೇ ಏರುತ್ತದೆ ಎಂದು ಹೇಳಲಾಗದು, ಆದರೂ ಅರಿಶಿನಕ್ಕೆ ಒಂದು ಚಿಟಿಕೆ ಮೆಣಸಿನ ಪುಡಿ, ಒಂದೆರಡು ಹನಿ ಎಣ್ಣೆ ಸೇರಿಸುವುದರಲ್ಲಿ ನಷ್ಟವಿಲ್ಲ.

ಕೊಳ್ಳುವಾಗ ಪುಡಿ ಬೇಡ, ಕೊಂಬು ತಂದು ನೀವೇ ಪುಡಿ ಮಾಡಿ. ಬಣ್ಣ ಬೆರೆಸಿದ ಅರಿಶಿನ ಪುಡಿಯಲ್ಲಿ ಸೀಸದ ಕ್ರೋಮೇಟ್ ಇದ್ದರೆ ಯಕೃತ್ತಿಗೆಂದು ಕೊಟ್ಟದ್ದೇ ವಿಷವಾಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಶಿನ ಬೆಳೆಯುವವರಲ್ಲಿ ಮಾರುಕಟ್ಟೆಗೆ ಹೋಗದ ಸಣ್ಣ, ಮುರುಕು ಕೊಂಬು ಅಗ್ಗಕ್ಕೆ ಸಿಗುತ್ತದೆ. ಅದು ಪೂರ್ತಿ ಒಣಗಿರಬೇಕು. ಒದ್ದೆಯಲ್ಲಿಟ್ಟ ಅರಿಶಿನಕ್ಕೂ ಬೂಷ್ಟು ಹಿಡಿಯುತ್ತದೆ.

ನೆಲನೆಲ್ಲಿ, ನೆಲಬೇವು ನಮ್ಮ ಲಿವರ್ ಟಾನಿಕ್‌ಗಳಲ್ಲಿ ತಪ್ಪದೆ ಇರುವ ಎರಡು ಗಿಡ. ನೆಲನೆಲ್ಲಿ ಗದ್ದೆ ಬದುವಿನಲ್ಲೇ ಸಿಗುತ್ತದೆ, ಇಡೀ ಗಿಡ ನೆರಳಿನಲ್ಲಿ ಒಣಗಿಸಿ ಪುಡಿ ಮಾಡಬಹುದು. ನೆಲಬೇವು ತೀರಾ ಕಹಿ, ಸ್ವಲ್ಪ ಹೆಚ್ಚಾದರೂ ಬಾತು ಮೇವು ಬಿಡುತ್ತದೆ.

ಕರುಳಿಗೆ ಬಂದರೆ ಓಮ. ವಿದೇಶದ ಮೇವಿನ ಕಂಪನಿಗಳು ಒರೆಗಾನೊ, ಥೈಮ್ ಎಣ್ಣೆ ಎಂದು ಮಾರುವುದು ಥೈಮಾಲ್ ಮತ್ತು ಕಾರ್ವಕ್ರಾಲ್ ಎಂಬ ಅಂಶಗಳನ್ನು. ನಮ್ಮ ಓಮದ ಎಣ್ಣೆಯ ಮುಖ್ಯ ಅಂಶವೇ ಥೈಮಾಲ್, ಹಿತ್ತಲಿನ ದೊಡ್ಡಪತ್ರೆಯ ಘಾಟಿನಲ್ಲಿ ಕಾರ್ವಕ್ರಾಲ್ ಇದೆ. ಕೆಜಿ ಮೇವಿಗೆ ಎರಡು ಮೂರು ಗ್ರಾಂ ಓಮದ ಪುಡಿ ಸಾಕು. ಪುಡಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಘಾಟು ಹಾರಿಹೋಗಿ ಬರೀ ನಾರು ಉಳಿಯುತ್ತದೆ, ವಾರಕ್ಕಾಗುವಷ್ಟೇ ಪುಡಿಮಾಡಿ.

ಬೆಳ್ಳುಳ್ಳಿ ಒಣಪುಡಿ ಕೆಜಿಗೆ 5 ಗ್ರಾಂ ದಾಟಬಾರದು, ಹೆಚ್ಚಾದರೆ ರಕ್ತಕಣ ಒಡೆಯುತ್ತದೆ. ಮೊಟ್ಟೆ ಮಾರುವವರಂತೂ ಇನ್ನೂ ಕಡಿಮೆ ಹಾಕಿ, ವಾಸನೆ ಮೊಟ್ಟೆಗೆ ಇಳಿದರೆ ಗಿರಾಕಿ ತಿರುಗಿ ಬರುವುದಿಲ್ಲ. ಬೇವನ್ನು ಮೊಟ್ಟೆ ಬಾತಿಗೆ ಬೇಡ ಎನ್ನುತ್ತೇನೆ: ಕಹಿಗೆ ಮೇವು ಬಿಡುತ್ತವೆ, ಬೇವಿಗೆ ಸಂತಾನಶಕ್ತಿ ಕುಗ್ಗಿಸುವ ಗುಣವೂ ಇದೆ. ನುಗ್ಗೆ ಸೊಪ್ಪು ಔಷಧಕ್ಕಿಂತ ಆಹಾರ. ಒಣಗಿಸಿದ್ದರಲ್ಲಿ ಸುಮಾರು ಕಾಲುಭಾಗ ಪ್ರೋಟೀನು, ಮೊಟ್ಟೆಯ ಹಳದಿಗೆ ಬಣ್ಣ. ನೂರು ಕೆಜಿಗೆ ಮೂರರಿಂದ ಐದು ಕೆಜಿವರೆಗೆ ಹಾಕಿ, ನೀರಿನಲ್ಲಿ ತೇಲಿ ಬೆಳೆಯುವ ಅಜೋಲಾ ಇದ್ದರೆ ಅದೂ ಸರಿ.

ಲೆಕ್ಕ ಹಾಕಿ ನೋಡಿದರೆ

ಬಾತು ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಭಾಗದಷ್ಟು ಮೇವಿನದೇ. ಹಾಗಾಗಿ ಪೊಟ್ಟಣದ ಬೆಲೆ ನೋಡದೆ ಟನ್ ಮೇವಿಗೆ ಎಷ್ಟು ಬೀಳುತ್ತದೆ ನೋಡಿ. ಉದಾಹರಣೆಗೆ 100 ಖಾಕಿ ಕ್ಯಾಂಪ್‌ಬೆಲ್, ದಿನಕ್ಕೆ ತಲಾ 150 ಗ್ರಾಂ ಮೇವು, ತಿಂಗಳಿಗೆ 450 ಕೆಜಿ. ಪ್ರೊಬಯಾಟಿಕ್ ಕೆಜಿಗೆ 600 ರೂಪಾಯಿ ಎಂದಿಟ್ಟುಕೊಂಡರೆ, ಟನ್ನಿಗೆ 500 ಗ್ರಾಂ ಲೆಕ್ಕದಲ್ಲಿ ತಿಂಗಳಿಗೆ 135 ರೂಪಾಯಿ. ಅರಿಶಿನ ಕೆಜಿಗೆ 150 ಎಂದರೂ ಟನ್ನಿಗೆ 5 ಕೆಜಿ ಬೇಕಾಗುವುದರಿಂದ ತಿಂಗಳಿಗೆ ಸುಮಾರು 340. ಮೊಟ್ಟೆಗೆ 10 ರೂಪಾಯಿ ಸಿಕ್ಕರೆ ಮೊದಲನೆಯದು ತಿಂಗಳಿಗೆ 14 ಮೊಟ್ಟೆ ಹೆಚ್ಚು ಬಂದರೆ ಗಿಟ್ಟುತ್ತದೆ, ಎರಡನೆಯದಕ್ಕೆ 34 ಬೇಕು. ಅಗ್ಗ ಎಂದು ಎಲ್ಲರೂ ನಂಬಿರುವ ಗಿಡಮೂಲಿಕೆ ಕೊಂಡು ಹಾಕುವಾಗ ದುಬಾರಿ. ಹಿತ್ತಲಲ್ಲಿ ಬೆಳೆದದ್ದಾದರೆ ಲೆಕ್ಕವೇ ತಿರುಗುತ್ತದೆ. ನಿಮ್ಮೂರಿನ ಬೆಲೆ ಹಾಕಿ ಈ ಲೆಕ್ಕ ಮತ್ತೆ ಮಾಡಿ.

ಯಾರಿಗೆ ಯಾವುದು

ಮನೆಯ ಹಿಂದೆ ಹತ್ತು ಹದಿನೈದು ಬಾತು ಬಿಟ್ಟುಕೊಂಡವರು ಅಂಗಡಿಯ ಯಾವುದನ್ನೂ ಕೊಳ್ಳಬೇಕಾಗಿಲ್ಲ. ಹುಳಿ ಬರಿಸಿದ ನುಚ್ಚು, ವಾರದಲ್ಲಿ ಎರಡು ದಿನ ಅರಿಶಿನ, ಕೈಗೆ ಸಿಕ್ಕ ನುಗ್ಗೆ ಸೊಪ್ಪು ಸಾಕು. ಕೊಯ್ಲಾದ ಗದ್ದೆಗಳಲ್ಲಿ ಬಾತು ಮೇಯಿಸುತ್ತಾ ಊರಿಂದೂರಿಗೆ ಹೋಗುವವರಿಗೂ ಅಷ್ಟೇ. ಬಸವನಹುಳು, ಉದುರಿದ ಭತ್ತ, ಕೆಸರಿನ ಹುಳ ತಿನ್ನುವ ಬಾತಿನ ಕರುಳಿಗೆ ಸೂಕ್ಷ್ಮಜೀವಿಗಳ ಕೊರತೆ ಇರುವುದಿಲ್ಲ. ಅವರು ಖರ್ಚು ಮಾಡಬೇಕಾದದ್ದು ಲಸಿಕೆಗೆ.

ಶೆಡ್ಡಿನಲ್ಲಿ ಮಾಂಸಕ್ಕೆಂದು ವೈಟ್ ಪೆಕಿನ್ ಬೆಳೆಸುವವರ ಸ್ಥಿತಿ ಬೇರೆ. ಆರೇಳು ವಾರದಲ್ಲಿ ಎರಡೂಕಾಲು, ಎರಡೂವರೆ ಕೆಜಿ ಬರಬೇಕು, ಕರುಳಿನಲ್ಲಿ ಒಂದು ವಾರ ಏರುಪೇರಾದರೂ ಅದನ್ನು ತುಂಬಿಕೊಳ್ಳಲು ಸಮಯವಿಲ್ಲ. ಅವರಿಗೆ ಮೊದಲ ದಿನದಿಂದ ಬ್ಯಾಸಿಲಸ್, ಮಳೆಗಾಲವಾದರೆ ಬೈಂಡರ್. ಇಂಥ ಕಡೆಗಳಲ್ಲೇ ಹಿಂದೆ ಮೇವಿಗೆ ಆಂಟಿಬಯಾಟಿಕ್ ಬೆರೆಸುವ ರೂಢಿ ಬೆಳೆದದ್ದು. ಬೆಳವಣಿಗೆಗೆಂದು ಹಾಗೆ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ, ಜಗತ್ತಿನಲ್ಲೇ ಅತಿ ಹೆಚ್ಚು ಬಾತು ಸಾಕುವ ಚೀನಾ 2020ರಲ್ಲಿ ನಿಲ್ಲಿಸಿದವು. ಭಾರತ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧಿಯನ್ನು ಬಾತಿನ ತೂಕಕ್ಕಾಗಿ ಸುರಿಯುವುದು ಘೋರ ಅನ್ಯಾಯ.

ಮೊಟ್ಟೆಯ ಬಾತುಗಳಿಗೆ ನನ್ನ ಆಯ್ಕೆ ಋತುವಿನ ಪ್ರಕಾರ ಬದಲಾಗುತ್ತದೆ. ಮರಿಯಿದ್ದಾಗ ಎರಡು ವಾರ ಪ್ರೊಬಯಾಟಿಕ್, ಮಳೆಗಾಲದಲ್ಲಿ ಬೈಂಡರ್ ಜೊತೆ ಅರಿಶಿನ, ಉಳಿದ ಕಾಲ ಒಣ ಮೇವು ಮತ್ತು ಕೊಕ್ಕು ಪೂರಾ ಮುಳುಗುವಷ್ಟು ಆಳದ ಶುದ್ಧ ನೀರು. ಗಿಡಮೂಲಿಕೆ, ಪ್ರೊಬಯಾಟಿಕ್ ಎರಡನ್ನೂ ಕೊಡುವುದಾದರೆ ಓಮ, ಬೆಳ್ಳುಳ್ಳಿಯಂಥ ಘಾಟಿನವು ಬೆಳಗಿನ ಮೇವಿಗೆ, ಪ್ರೊಬಯಾಟಿಕ್ ಸಂಜೆಯ ಮೇವಿಗೆ ಇರಲಿ.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ಹಿಂಡನ್ನು ಎರಡು ಭಾಗ ಮಾಡಿ. ಒಂದೇ ವಯಸ್ಸು, ಒಂದೇ ಮೇವು, ಒಂದೇ ನೀರು. ಒಂದು ಭಾಗಕ್ಕೆ ಮಾತ್ರ ಪುಡಿ ಹಾಕಿ, ತಿಂದ ಮೇವು, ಬಂದ ಮೊಟ್ಟೆ, ಸತ್ತ ಬಾತು ಮೂರನ್ನೂ ಆರು ವಾರ ಬರೆದಿಡಿ. ಒಂದೇ ಪುಡಿ ಒಂದು ಸಾಕಣೆಯಲ್ಲಿ ಫಲ ಕೊಟ್ಟು ಪಕ್ಕದ ಸಾಕಣೆಯಲ್ಲಿ ಏನೂ ಕೊಡದಿರುವುದು ಪ್ರಯೋಗಗಳಲ್ಲೂ ಕಂಡದ್ದೇ. ಶೆಡ್ ಮೊದಲೇ ಸ್ವಚ್ಛವಾಗಿದ್ದರೆ ವ್ಯತ್ಯಾಸ ಚಿಕ್ಕದಾಗಿರುತ್ತದೆ. ಆರು ವಾರದ ಮೇಲೆ ಪುಡಿಯ ಖರ್ಚು ಹುಟ್ಟದಿದ್ದರೆ ನಿಲ್ಲಿಸಿಬಿಡಿ.

ಪುಡಿಗಳನ್ನು ಬದಿಗಿಡಬೇಕಾದ ಸಂದರ್ಭಗಳೂ ಇವೆ. ಬಾತುಗಳ ಕಣ್ಣು ಊದಿ ನೀರು ಸೋರುತ್ತಿದ್ದರೆ, ಹಸಿರು ನೀರು ಭೇದಿಯಾಗಿ ದಿನಕ್ಕೆ ಹಲವು ಸಾಯುತ್ತಿದ್ದರೆ ಅದು ಬಾತು ಪ್ಲೇಗ್ ಇರಬಹುದು. ವೈರಸ್ಸಿನ ಆ ರೋಗಕ್ಕೆ ಇರುವುದು ಮುಂಚೆಯೇ ಹಾಕಿಸುವ ಲಸಿಕೆ. ಕೊಳೆತ ಹೊಂಡದ ಹತ್ತಿರ ಕತ್ತು ಜೋತುಬಿದ್ದು ಮಲಗಿದ್ದರೆ ಅದು ಬೊಟುಲಿಸಂ, ಅಂದರೆ ಕೊಳೆತದ್ದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ, ಇರಬಹುದು, ತಕ್ಷಣ ಹಿಂಡನ್ನು ಆ ನೀರಿನಿಂದ ದೂರ ಮಾಡಿ. ಕಷಾಯ ಕುದಿಸುತ್ತಾ ಒಂದು ದಿನ ಕಳೆದರೆ ಅರ್ಧ ಹಿಂಡು ಹೋಗುತ್ತದೆ. ಪಶುವೈದ್ಯರಿಗೆ ಫೋನ್ ಮಾಡಿ, ಆಗತಾನೇ ಸತ್ತ ಬಾತನ್ನು ಬರಿಗೈಯಲ್ಲಿ ಮುಟ್ಟದೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಮಂಜುಗಡ್ಡೆಯ ಮೇಲಿಟ್ಟು, ಅವರು ಹೇಳಿದ ಪ್ರಯೋಗಾಲಯಕ್ಕೆ ಕಳಿಸಿ. ಹಿಂಡಿಗೆ ಹಿಂಡೇ ಒಮ್ಮೆಲೇ ಸಾಯುತ್ತಿದ್ದರೆ ಹಕ್ಕಿಜ್ವರದ ಸಂಶಯವಿದೆ, ಆಗ ಯಾವುದನ್ನೂ ಮುಟ್ಟದೆ, ಸಾಗಿಸದೆ, ಮಾರದೆ ಪಶುಪಾಲನಾ ಇಲಾಖೆಯವರು ಬರುವ ತನಕ ಗೇಟು ಹಾಕಿಡಿ. ಸತ್ತ ಬಾತನ್ನು ಪ್ರಯೋಗಾಲಯಕ್ಕೆ ಕಳಿಸುವಾಗ ನೀವು ಹಾಕುತ್ತಿದ್ದ ಮೇವಿನ ಒಂದು ಕೆಜಿ ಮಾದರಿಯನ್ನೂ, ಬೆರೆಸಿದ ಪುಡಿಗಳ ಪೊಟ್ಟಣಗಳನ್ನೂ ತೆಗೆದಿಟ್ಟಿರಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.